ದೈವದ ಕೋಣೆಗೆ ಬೇರೆ ಬಾಗಿಲು

ವಿಲ್ಲು ಬರೆಸಲು ಬಂದವರು ಯಾರೂ ಬಾಗಿಲಲ್ಲೇ ಆ ಮಾತು ಎತ್ತುವುದಿಲ್ಲ. ಕೊಡೆ ಮಡಚಿ ಮೂಲೆಯಲ್ಲಿ ಇಡುತ್ತಾರೆ, ಬಿಸಿಲಿನ ಸುದ್ದಿ ಹೇಳುತ್ತಾರೆ, ವಕೀಲರ ಮಕ್ಕಳು ಯಾವ ಕ್ಲಾಸಿನಲ್ಲಿದ್ದಾರೆ ಎಂದು ವಿಚಾರಿಸುತ್ತಾರೆ. ಎದ್ದು ಹೊರಡುವ ಹೊತ್ತಿಗೆ, ಹಾಗೇ ಒಂದು ಸಣ್ಣ ಕಾಗದದ ವಿಷಯ ಇತ್ತು ಎನ್ನುತ್ತಾರೆ. ಆ ಸಣ್ಣ ಕಾಗದವೇ ವಿಲ್ಲು. ಆಗ ಅವಸರ ಮಾಡಬಾರದು. ನಮ್ಮ ಆಫೀಸಿನಲ್ಲಿ ನನಗಿಂತ ಮೊದಲು ಇದ್ದ ಗುಮಾಸ್ತರು ಅವಸರ ಮಾಡಿ, ಲೇಖನಿ ಕೈಗೆತ್ತಿಕೊಂಡು, ತಾವು ಕಾಲವಾದ ಮೇಲೆ ಆಸ್ತಿ ಯಾರಿಗೆ ಎಂದು ನೇರವಾಗಿ ಕೇಳಿಬಿಟ್ಟರಂತೆ. ಬಂದವರು ಕೊಡೆಯನ್ನೂ ಬಿಟ್ಟು ಹೊರಟುಹೋದರಂತೆ. ನಾನು ಕೆಲಸಕ್ಕೆ ಸೇರಿದಾಗಲೂ ಆ ಕೊಡೆ ಮೂಲೆಯಲ್ಲೇ ಇತ್ತು. ಮಳೆಗಾಲದಲ್ಲಿ ಕೋರ್ಟಿಗೆ ಹೋಗಲು ನಮಗೆ ಅದೇ ಕೊಡೆ.

ನಾನು ಮಂಗಳೂರಿನಲ್ಲಿ ಸುಬ್ಬರಾಯರೆಂಬ ವಕೀಲರ ಬಳಿ ಗುಮಾಸ್ತನಾಗಿದ್ದವನು. ನಮ್ಮದು ದೇವಸ್ಥಾನದ ಪೂಜೆಯ ಮನೆತನ. ಅಣ್ಣ ಗಂಟೆ ಹಿಡಿದ, ನಾನು ಲೇಖನಿ ಹಿಡಿದೆ. ಮೀಸೆ ಸರಿಯಾಗಿ ಮೂಡುವ ಮೊದಲೇ ಸೇರಿದವನು, ರಾಯರು ಕೋರ್ಟಿಗೆ ಹೋಗುವುದನ್ನು ನಿಲ್ಲಿಸಿ ಅವರ ಮಗ ಟೈಪ್‌ರೈಟರ್ ತಂದಿಟ್ಟ ಮೇಲೆ ಬಿಟ್ಟೆ. ಆ ಯಂತ್ರದ ಸದ್ದಿಗೆ ಬಂದವರು ಸಣ್ಣ ಕಾಗದದ ವಿಷಯ ಹೇಗೆ ಎತ್ತುತ್ತಾರೋ ನನಗೆ ಇವತ್ತಿಗೂ ತಿಳಿಯದು. ಈಗ ಬೆಳಿಗ್ಗೆ ಪೇಟೆಯಿಂದ ತರಕಾರಿ ತರುವುದು, ಮಧ್ಯಾಹ್ನ ಸ್ವಲ್ಪ ಅಡ್ಡಾಗುವುದು. ಸಂಜೆ ಈ ಕೆಲಸಕ್ಕೆ ಹೊಸದಾಗಿ ಸೇರಿದ ಗುಮಾಸ್ತರು ಬಂದು ಜಗಲಿಯಲ್ಲಿ ಕೂರುತ್ತಾರೆ, ವಿಲ್ಲಿನ ಒಕ್ಕಣೆ ಹೇಗಿರಬೇಕು ಎಂದು ಕೇಳುತ್ತಾರೆ. ಒಕ್ಕಣೆಯನ್ನು ಯಾವ ಹಳೆಯ ಕಡತ ನೋಡಿಯೂ ಕಲಿಯಬಹುದು. ಕಡತದಲ್ಲಿ ಸಿಗದ ಕೆಲವು ಸಂಗತಿಗಳನ್ನು ಇಲ್ಲಿ ಬರೆದಿಡುತ್ತೇನೆ. ಜನ ಆಡಿದ ಮಾತೆಲ್ಲ ಹೆಚ್ಚಾಗಿ ತುಳುವಿನಲ್ಲೇ ನಡೆದದ್ದು. ಓದುವವರಿಗೆ ಅನುಕೂಲವಾಗಲೆಂದು ಕನ್ನಡ ಮಾಡಿದ್ದೇನೆ.

ನಾನು ಸೇರಿದ ಕಾಲದಲ್ಲಿ ನಮ್ಮ ಪೈಕಿಯವರಲ್ಲಿ ಬಾಯಿಮಾತಿನ ವಿಲ್ಲೂ ನಡೆಯುತ್ತಿತ್ತು. ಹಿರಿಯರು ಹಾಸಿಗೆಯಲ್ಲಿ ಮಲಗಿ ಇದು ಅವನಿಗೆ, ಅದು ಇವನಿಗೆ ಎಂದರೆ ಮನೆಯವರು ಕೇಳಿಸಿಕೊಳ್ಳುತ್ತಿದ್ದರು. ಒಬ್ಬೊಬ್ಬರಿಗೆ ಒಂದೊಂದು ರೀತಿ ಕೇಳಿಸುತ್ತಿದ್ದುದರಿಂದ ವಕೀಲರಿಗೆ ಕೆಲಸಕ್ಕೆ ಕೊರತೆ ಇರಲಿಲ್ಲ. ಆಮೇಲೆ ಕಾಯಿದೆ ಬದಲಾಯಿತು. ವಿಲ್ಲು ಬರವಣಿಗೆಯಲ್ಲೇ ಇರಬೇಕು, ಬರೆಸಿದವರು ರುಜು ಹಾಕುವುದನ್ನು ಇಬ್ಬರು ಸಾಕ್ಷಿಗಳು ಕಣ್ಣಾರೆ ನೋಡಬೇಕು, ಅವರ ಎದುರಿನಲ್ಲೇ ತಾವೂ ರುಜು ಹಾಕಬೇಕು. ಕಾಯಿದೆ ಮಾಡಿದವರಿಗೆ ಮಡಿಯ ವಿಷಯ ಗೊತ್ತಿರಲಿಲ್ಲ ಎಂದು ಕಾಣುತ್ತದೆ.

ಹೊಸ ಕಾಯಿದೆಯ ಮೊದಲ ವರ್ಷಗಳಲ್ಲಿ ಒಬ್ಬ ಮುದುಕ ಅರ್ಚಕರ ವಿಲ್ಲು ಬರೆಯಲು ಹೋದೆವು. ಸಾಕ್ಷಿಗೆ ಒಬ್ಬ ಶಾಲೆ ಮಾಸ್ತರರು, ಒಬ್ಬ ಜವಳಿ ಅಂಗಡಿಯ ಲೆಕ್ಕದವರು. ಅರ್ಚಕರು ಒಳಕೋಣೆಯಲ್ಲಿ ಮಡಿಯಲ್ಲಿದ್ದರು. ಪೇಟೆ ಬಟ್ಟೆಯವರು ಹೊಸ್ತಿಲು ದಾಟಕೂಡದು ಎಂದರು. ಹೊರಗೆ ನಿಂತರೆ ಅವರ ಕೈ ಕಾಣುವುದಿಲ್ಲ, ಕೈ ಕಾಣದಿದ್ದರೆ ಸಾಕ್ಷಿ ನಿಲ್ಲುವುದಿಲ್ಲ. ಕೊನೆಗೆ ಇಬ್ಬರೂ ಬಾವಿಕಟ್ಟೆಗೆ ಹೋಗಿ ನಾಲ್ಕು ಕೊಡ ನೀರು ಸುರಿದುಕೊಂಡು ಒದ್ದೆ ಪಂಚೆಯಲ್ಲಿ ಒಳಗೆ ಬಂದರು. ಮಾಸ್ತರರು ರುಜು ಹಾಕಲು ಬಗ್ಗಿದಾಗ ಜುಟ್ಟಿನ ನೀರು ನೇರವಾಗಿ ಕಾಗದದ ಮೇಲೆ ಬಿತ್ತು. ಬಿದ್ದದ್ದು ಹಿರಿಯ ಮಗನ ಹೆಸರಿನ ಮೇಲೆ. ಮುದುಕರು ಕಣ್ಣು ಕಿರಿದು ಮಾಡಿ ನೋಡಿ, "ಹಿರಿಯವ ಕರಗಿ ಹೋದ ಅಲ್ವೊ" ಎಂದರು. ಬಾಗಿಲಲ್ಲಿ ನಿಂತಿದ್ದ ಹಿರಿಯ ಮಗನ ಮುಖ ನೋಡುವ ಹಾಗಿರಲಿಲ್ಲ. ಇಡೀ ವಿಲ್ಲನ್ನು ನಾನು ಮತ್ತೆ ಕುಳಿತು ಬರೆದೆ. ಅಂದಿನಿಂದ ರಾಯರು ಆಫೀಸಿನ ಕಪಾಟಿನಲ್ಲಿ ಎರಡು ಪಟ್ಟೆಮಡಿ ಇರಿಸಿದರು. ರೇಷ್ಮೆಗೆ ಮೈಲಿಗೆ ಇಲ್ಲವಲ್ಲ. ನಮ್ಮ ಆಫೀಸಿನಲ್ಲಿ ಕಾಯಿದೆ ಪುಸ್ತಕದ ಪಕ್ಕದಲ್ಲಿ ಪಂಚೆ ಏಕೆ ಎಂದು ಕೇಳಿದವರು ಬಹಳ ಮಂದಿ.

ಬೆಂಗ್ರೆಯ ಒಬ್ಬ ಮೀನುಗಾರ ಮುದುಕರ ವಿಷಯವನ್ನೂ ಹೇಳಬೇಕು. ದೋಣಿಯಲ್ಲಿ ಹೊಳೆಯ ಕಡವು ದಾಟಿ ಬಂದವರು ಬಿಸಿಲು, ಗಾಳಿ, ಬಂಗುಡೆ ಎಲ್ಲ ಮುಗಿಸಿ ಸಣ್ಣ ಕಾಗದಕ್ಕೆ ಬಂದರು. ಅವರಿಗೆ ಇಬ್ಬರು ಸೋದರಳಿಯಂದಿರು. ದೋಣಿ ದೊಡ್ಡವನಿಗೆ, ಬಲೆ ಚಿಕ್ಕವನಿಗೆ ಎಂದು ಬರೆಯಬೇಕಂತೆ. ರಾಯರು ಕನ್ನಡಕ ಹಣೆಗೆ ಏರಿಸಿ, ದೋಣಿ ಇದ್ದವನು ಬಲೆ ಇಲ್ಲದೆ ಏನು ಮಾಡುವುದು, ಬಲೆ ಇದ್ದವನು ದೋಣಿ ಇಲ್ಲದೆ ಏನು ಮಾಡುವುದು ಎಂದು ಕೇಳಿದರು.

ಮುದುಕರು ಎಲೆ ಅಡಿಕೆಯ ಬಾಯಿ ತುಂಬ ನಕ್ಕರು. "ಈಗ ಇಬ್ಬರಿಗೂ ಮಾತಿಲ್ಲ ರಾಯರೆ. ಆಗ ಮಾತಾಡ್ಲೇ ಬೇಕಲ್ಲ."

ಹಾಗೆಯೇ ಬರೆದೆವು. ರಾಯರು ಆಮೇಲೆ ಎಷ್ಟೋ ಸಲ ಆ ಮುದುಕರ ಮಾತನ್ನು ನೆನಪಿಸಿಕೊಳ್ಳುತ್ತಿದ್ದರು. ವಕೀಲರಿಗೆ ಎಲ್ಲವನ್ನೂ ಬೇರೆ ಬೇರೆ ಮಾಡಿ ಇಡುವುದೇ ಬುದ್ಧಿವಂತಿಕೆ ಎಂದು ಅಭ್ಯಾಸವಾಗಿರುತ್ತದೆ. ನಮ್ಮ ರಾಯರಿಗೂ ಆಗಿತ್ತು. ಅದರಿಂದ ಹೊರಬರಲಾರದೆ ಅವರು ಒದ್ದಾಡಿದ್ದು ತ್ಯಾಂಪಣ್ಣನವರ ವಿಲ್ಲಿನಲ್ಲಿ.

ತ್ಯಾಂಪಣ್ಣನವರದು ಬಂದರಿನಲ್ಲಿ ಮಂಜಿಗಳಿಗೆ, ಎಂದರೆ ಸರಕಿನ ಹಾಯಿಹಡಗುಗಳಿಗೆ, ಹಂಚು ತುಂಬಿಸುವ ಗುತ್ತಿಗೆ. ಗಟ್ಟಿ ದನಿಯ ಮನುಷ್ಯ, ಅವರು ನಮ್ಮ ಆಫೀಸಿನಲ್ಲಿ ಗುಟ್ಟು ಹೇಳಿದರೆ ಎದುರು ಅಂಗಡಿಯವನಿಗೆ ಕೇಳುತ್ತಿತ್ತು. ಮೂಲ ವಾಮಂಜೂರು. ಅಲ್ಲಿ ಕುಟುಂಬದ ಗದ್ದೆ, ಕುಟುಂಬದ ಮನೆ. ಅವರೇ ಆ ಕುಟುಂಬದ ಯಜಮಾನರು. ಗದ್ದೆ ನೋಡಿಕೊಳ್ಳುತ್ತಿದ್ದವನು ಅಕ್ಕನ ಮಗ ಕಾಂತಪ್ಪ. ಪೇಟೆಯಲ್ಲಿ ಬಂದರಿನ ಹಿಂದಿನ ಓಣಿಯಲ್ಲಿ ಒಂದು ಹಂಚಿನ ಮನೆ ಕಟ್ಟಿಸಿ ತ್ಯಾಂಪಣ್ಣನವರು ಹೆಂಡತಿ ಸುಂದರಿಯಕ್ಕ ಮತ್ತು ಇಬ್ಬರು ಹೆಣ್ಣುಮಕ್ಕಳೊಂದಿಗೆ ಇದ್ದರು.

ಅವರದು ಅಳಿಯಸಂತಾನದ ಕಟ್ಟು. ಈಚಿನವರಿಗಾಗಿ ಹೇಳುತ್ತೇನೆ: ಆ ಕಟ್ಟಿನಲ್ಲಿ ಗಂಡಸಿನ ಆಸ್ತಿ ಹೋಗುವುದು ಅವನ ತಾಯಿಯ ಕುಟುಂಬಕ್ಕೆ, ಎಂದರೆ ಅಕ್ಕತಂಗಿಯರಿಗೆ ಮತ್ತು ಅವರ ಮಕ್ಕಳಿಗೆ. ಹೆಂಡತಿ ಮಕ್ಕಳು ಅವಳ ತವರಿನ ಕುಟುಂಬಕ್ಕೆ ಸೇರಿದವರು. ಗಂಡ ಹೋದ ಮೇಲೆ ಅವಳು ಮಕ್ಕಳನ್ನು ಕರೆದುಕೊಂಡು ತವರಿಗೆ ನಡೆಯಬೇಕು. ಸ್ವಂತ ದುಡಿಮೆಯ ಆಸ್ತಿಯಾದರೆ ಮಾತ್ರ ಗಂಡಸು ವಿಲ್ಲು ಬರೆದು ಹೆಂಡತಿಗೆ ಕೊಡಬಹುದು. ಸುಂದರಿಯಕ್ಕನ ತವರು ಕೂಳೂರು ಕಡವಿನ ಆಚೆ. ಅಲ್ಲಿ ಆಗಲೇ ಮನೆ ತುಂಬ ಜನ. ಹೋದರೆ ಅರೆಯುವ ಕಲ್ಲಿನ ಪಕ್ಕದ ಮೂಲೆ ತನಗೆ, ಮಕ್ಕಳಿಗೆ ಅದೂ ಇಲ್ಲ ಎಂದು ಅವರೇ ನನ್ನಲ್ಲಿ ಹೇಳಿದ್ದರು. ಪೇಟೆಯ ಮನೆ ಹೆಂಡತಿಗೇ ಉಳಿಯಬೇಕು, ತ್ಯಾಂಪಣ್ಣನವರಿಗೆ ಬೇಕಾದದ್ದು ಅಷ್ಟೇ. ಸ್ವಂತ ಬೆವರಿನ ಮನೆಯೋ ಎಂದು ರಾಯರು ಕೇಳಿದರು. ಹೌದು, ಕುಟುಂಬದ ಒಂದು ತೆಂಗಿನಕಾಯಿಯೂ ಅದರೊಳಗೆ ಸೇರಿಲ್ಲ ಎಂದರು ತ್ಯಾಂಪಣ್ಣನವರು. ಹಾಗಾದರೆ ಮಧ್ಯಾಹ್ನದೊಳಗೆ ಮುಗಿಯುವ ಕೆಲಸ ಎಂದು ರಾಯರು ನನ್ನನ್ನು ಚಕ್ಕುಬಂದಿ ನೋಡಿಕೊಂಡು ಬರಲು ಕಳುಹಿಸಿದರು.

ಇದನ್ನು ನೀವೂ ಮಾಡಿ. ಮನೆ ಯಾರಿಗೆ ಎಂದು ಬರೆಯುವ ಮೊದಲು ಆ ಮನೆಯಲ್ಲಿ ಒಮ್ಮೆ ನಡೆದಾಡಿ ಬನ್ನಿ. ಸುಂದರಿಯಕ್ಕ ಅಳತೆ ಪಟ್ಟಿಯ ಒಂದು ತುದಿ ಹಿಡಿದರು, ನಾನು ಇನ್ನೊಂದು ತುದಿ ಹಿಡಿದೆ. ಚಾವಡಿ, ನಡುಕೋಣೆ, ಅಡಿಗೆ ಮನೆ ಎಂದು ಅಳೆಯುತ್ತ ಬಂದೆವು. ಚಾವಡಿಯ ಮೂಡು ಬದಿಯ ಕೋಣೆಯ ಬಾಗಿಲಲ್ಲಿ ಅವರು ಪಟ್ಟಿ ಬಿಟ್ಟು ನಿಂತರು.

"ಇದರ ಒಳಗೆ ನಾನು ಹೋಗ್ಲಿಕ್ಕಿಲ್ಲ. ಹೊಸ್ತಿಲವರೆಗೆ ಗುಡಿಸ್ತೇನೆ, ಅಷ್ಟೆ. ಇದು ಅವರ ಕುಟುಂಬದ ದೈವದ ಕೋಣೆ."

ಕಿಟಕಿಯಿಂದ ನೋಡಿದೆ. ತೂಗುಮಂಚ, ಅದರ ಮೇಲೆ ಕೆಂಪು ಬಟ್ಟೆ, ಗಂಟೆ, ಕತ್ತಿ, ಪಂಜುರ್ಲಿ ದೈವದ ಹಂದಿ ಮುಖದ ಮೊಗ, ಮುಂದೆ ಕಾಲುದೀಪ. ನಾನು ಪಟ್ಟಿ ಸುತ್ತಿಕೊಂಡು ನೇರ ಆಫೀಸಿಗೆ ಬಂದೆ. ವಿಷಯ ಹೇಳಿದಾಗ ರಾಯರು ಬಾಯಿಗೆ ಹಾಕಿಕೊಳ್ಳಬೇಕೆಂದಿದ್ದ ವೀಳ್ಯವನ್ನು ತಟ್ಟೆಗೆ ಮರಳಿ ಇಟ್ಟರು.

ಆಗಿದ್ದೆಂದರೆ ಇಷ್ಟು. ಹಲವು ವರ್ಷಗಳ ಹಿಂದೆ ವಾಮಂಜೂರಿನ ಮನೆಯಲ್ಲಿ ದೈವದ ಕೋಣೆಯ ಗೋಡೆ ಕುಸಿದಿತ್ತು. ಗೋಡೆ ಎದ್ದು ನಿಲ್ಲುವವರೆಗೆ ಎಂದು ತ್ಯಾಂಪಣ್ಣನವರು ಮಂಚ, ಮೊಗ, ಕತ್ತಿ ಎಲ್ಲವನ್ನೂ ಪೇಟೆಯ ಮನೆಗೆ ತಂದು ಇರಿಸಿಕೊಂಡರು. ಆ ವರ್ಷ ಅವರು ಹಂಚು ತುಂಬಿಸಿದ ಮಂಜಿಗಳೆಲ್ಲ ಸುಖವಾಗಿ ಮುಟ್ಟಿದವು. ಗುತ್ತಿಗೆ ಬೆಳೆಯಿತು. ಗೋಡೆ ಎದ್ದು ನಿಂತರೂ ದೈವವನ್ನು ಕಳುಹಿಸಲು ಮನಸ್ಸು ಬರಲಿಲ್ಲ. ಕುಟುಂಬದವರು ಪ್ರತಿ ಸಂಕ್ರಮಣಕ್ಕೆ ವಾಮಂಜೂರಿನಿಂದ ಪೇಟೆಯ ಮನೆಗೇ ಬಂದು ದೀಪ ಇಟ್ಟು, ಊಟ ಮಾಡಿ ಹೋಗುವುದು ರೂಢಿಯಾಯಿತು. ಈಗ ಯಾರೇ ಆದರೂ ಕೇಳಬಹುದು: ಕುಟುಂಬದ ದೈವ ಕುಳಿತ ಮನೆ ಕುಟುಂಬದ ಮನೆಯಲ್ಲವೇ? ದೈವದ ಜೊತೆಗೆ ಮನೆಯನ್ನೂ ಆ ಮನುಷ್ಯ ಕುಟುಂಬಕ್ಕೆ ಕೂಡಿಸಿಬಿಟ್ಟಿಲ್ಲವೇ?

ರಾಯರು ಇದನ್ನೆಲ್ಲ ಬಿಡಿಸಿ ಹೇಳಿ, ದೈವವನ್ನು ವಾಮಂಜೂರಿಗೆ ಕಳುಹಿಸಿಬಿಡಿ, ಆಮೇಲೆ ವಿಲ್ಲು ಬರೆಯೋಣ ಎಂದರು.

"ಬಂದು ಕೂತವರಿಗೆ ಏಳಿ ಅಂತ ನಾನು ಹೇಗೆ ಹೇಳ್ಲಿ ಮಾರಾಯ್ರೆ?" ಎಂದರು ತ್ಯಾಂಪಣ್ಣನವರು. "ಬೇಕಾದ್ರೆ ನೀವೇ ಬಂದು ಹೇಳಿ."

ರಾಯರು ಎಂಥ ಜಡ್ಜಿಯ ಎದುರೂ ಹಿಂದೆ ಸರಿದವರಲ್ಲ. ಈ ಮಾತಿಗೆ ಮಾತ್ರ ಕನ್ನಡಕ ತೆಗೆದು ಒರೆಸಲು ಶುರು ಮಾಡಿದರು.

ಎರಡು ದಿನ ಯೋಚಿಸಿ ಅವರು ಕಂಡುಕೊಂಡ ದಾರಿ ಟ್ರಸ್ಟಿನದು. ದೈವದ ಕೋಣೆಯನ್ನೂ ಅದರ ಹಿಂದಿನ ಒಂದಿಷ್ಟು ತೆಂಗಿನ ಹಿತ್ತಿಲನ್ನೂ ಬೇರೆ ಮಾಡಿ ದೈವದ ಸೇವೆಗೆ ಟ್ರಸ್ಟಾಗಿ ಬಿಡುವುದು. ಕಾಂತಪ್ಪ ಟ್ರಸ್ಟಿ. ಉಳಿದ ಮನೆಯೆಲ್ಲ ಸುಂದರಿಯಕ್ಕನಿಗೆ. ಟ್ರಸ್ಟಿ ಎಂದರೆ ಎಂತ ಎಂದು ತ್ಯಾಂಪಣ್ಣನವರು ಕೇಳಿದರು. ಯಜಮಾನಿಕೆ ಇರುತ್ತದೆ, ಹೊಣೆ ಇರುತ್ತದೆ, ಅನುಭವಿಸುವ ಹಕ್ಕು ಮಾತ್ರ ಇರುವುದಿಲ್ಲ ಎಂದು ರಾಯರು ವಿವರಿಸಿದರು.

"ಅದಾ?" ಎಂದು ತ್ಯಾಂಪಣ್ಣನವರು ಜೋರಾಗಿ ನಕ್ಕರು. "ಅದನ್ನೇ ನಾನು ಇಷ್ಟು ವರ್ಷದಿಂದ ವಾಮಂಜೂರಲ್ಲಿ ಮಾಡ್ತಾ ಇರುವುದು."

ಒಂದು ಗಂಟು ಉಳಿದಿತ್ತು. ದೈವದ ಕೋಣೆಗೆ ದಾರಿ ಇದ್ದದ್ದು ಚಾವಡಿಯ ಮೂಲಕ. ಎಂದರೆ ಕಾಂತಪ್ಪ ಪ್ರತಿ ಸಂಕ್ರಮಣಕ್ಕೂ ಸುಂದರಿಯಕ್ಕನ ಮನೆಯೊಳಗಿನಿಂದ ನಡೆದು ಹೋಗಬೇಕು. ಹಾಗೆ ಕೇಳದೆ ಹೇಳದೆ ನಡೆಯುವ ಅಭ್ಯಾಸವೇ ಮುಂದೆ ಹಕ್ಕಾಗಿ ನಿಲ್ಲುತ್ತದೆ ಎಂದು ರಾಯರಿಗೆ ಭಯ. ಅದಕ್ಕೆ ಅವರು ಹೂಡಿದ ಉಪಾಯ ಓಣಿಯ ಕಡೆಯ ಗೋಡೆ ಒಡೆದು ದೈವದ ಕೋಣೆಗೆ ಬೇರೆ ಬಾಗಿಲು ಇಡುವುದು. ಅವರು ಅವರ ಬಾಗಿಲಲ್ಲಿ, ಇವರು ಇವರ ಬಾಗಿಲಲ್ಲಿ. ಕಾಗದದ ಮೇಲೆ ಬಹಳ ಚೆಂದ ಕಂಡಿತು. ನನಗೂ ಚೆಂದವೇ ಕಂಡಿತು. ಆದರೆ ಆ ಬದಿ ತೆಂಕು ದಿಕ್ಕು. ತೆಂಕು ಮುಖದ ಬಾಗಿಲು ಆಗಬಹುದೋ ಇಲ್ಲವೋ ಎಂದು ತ್ಯಾಂಪಣ್ಣನವರು ಒಬ್ಬ ಜೋಯಿಸರನ್ನು ಕೇಳಿದರು, ಅವರು ಇನ್ನೊಬ್ಬರನ್ನು ಕೇಳಿ ಎಂದರು. ಬಾಗಿಲಿಗೆ ಕಾಯುತ್ತ ಕೂತರೆ ವಿಲ್ಲು ಆಗುವುದಿಲ್ಲವೆಂದು, ತಾನು ಇಲ್ಲವೇ ತನ್ನ ನಂತರ ಟ್ರಸ್ಟಿ ಆ ಬಾಗಿಲು ತೆರೆಸಬೇಕು ಎಂದು ಬರೆದೇ ಬಿಟ್ಟೆವು.

ಸಾಕ್ಷಿಯ ವಿಷಯದಲ್ಲಿ ರಾಯರದು ಒಂದು ಪದ್ಧತಿ ಇತ್ತು. ಮುಂದೆ ಯಾರು ತಕರಾರು ಎತ್ತಬಹುದೋ ಅವರನ್ನೇ ಸಾಕ್ಷಿಗೆ ಕರೆಯುವುದು. ಎಲ್ಲ ವಕೀಲರೂ ಇದನ್ನು ಒಪ್ಪುವುದಿಲ್ಲ. ನಮ್ಮ ಆಫೀಸಿನಲ್ಲಿ ಇದರಿಂದ ಒಳ್ಳೆಯದಾದದ್ದೇ ಹೆಚ್ಚು. ಒಬ್ಬ ಸಾಕ್ಷಿಯಾಗಿ ಎದುರು ಅಂಗಡಿಯವನನ್ನು ಕೂರಿಸಿ, ಇನ್ನೊಬ್ಬನಾಗಿ ಕಾಂತಪ್ಪನಿಗೆ ಹೇಳಿ ಕಳುಹಿಸಿದರು. ಗದ್ದೆಯ ಕೆಸರು ಒಣಗಿದ ಕಾಲಿನಲ್ಲಿ ಬಂದ. ಸೋದರಮಾವನ ಎದುರು ಕುರ್ಚಿಯಲ್ಲಿ ಕೂರದೆ ಗೋಡೆಗೆ ಒರಗಿ ನಿಂತ. ಸಾಕ್ಷಿಗೆ ವಿಲ್ಲನ್ನು ಓದಿ ಹೇಳಬೇಕೆಂಬ ನಿಯಮ ಇಲ್ಲ. ಆದರೂ ರಾಯರು ಪೂರ್ತಿ ಓದಿಸಿದರು. ನಾನು ಓದಿದೆ. ಮನೆ ಸುಂದರಿಯಕ್ಕನಿಗೆ ಎಂಬಲ್ಲಿ ಅವನು ತಲೆಯಾಡಿಸಿದ. ಬೇರೆ ಬಾಗಿಲಿನ ಸಾಲು ಬಂದಾಗ ಮತ್ತೊಮ್ಮೆ ಓದಲು ಹೇಳಿದ. ಓದಿದೆ.

"ಮಾವ, ಇನ್ನು ಮುಂದೆ ನಾನು ನಿಮ್ಮ ಮನೆಗೆ ಓಣಿಯಿಂದ ಬರ್ಬೇಕಾ?"

ಅಷ್ಟು ದೊಡ್ಡ ದನಿಯ ತ್ಯಾಂಪಣ್ಣನವರು ವೀಳ್ಯದ ತಟ್ಟೆ ಎಳೆದುಕೊಂಡು ಅಡಿಕೆ ಹುಡುಕತೊಡಗಿದರು. ರಾಯರು ಕಾಯಿದೆಯ ಮಾತು ಏನೋ ಹೇಳಿದರು. ಕಾಂತಪ್ಪ ಅದನ್ನು ಕೇಳಿಸಿಕೊಂಡನೋ ಇಲ್ಲವೋ. ಮಾವ ರುಜು ಹಾಕಿದ ಮೇಲೆ ನನ್ನ ಕೈಯಿಂದ ಲೇಖನಿ ತೆಗೆದುಕೊಂಡು ಬಗ್ಗಿ ತಾನೂ ರುಜು ಹಾಕಿ, ಅವರಿಗೂ ರಾಯರಿಗೂ ಕೈಮುಗಿದು ಹೋದ. ಮಾವ ಅಳಿಯ ಒಟ್ಟಿಗೆ ಊಟಕ್ಕೆ ಹೋಗುತ್ತಾರೆಂದು ನಾನು ಎಣಿಸಿದ್ದೆ. ಹೋಗಲಿಲ್ಲ.

ಬಾಗಿಲಿನ ದಿಕ್ಕು ತೀರ್ಮಾನವಾಗುವ ಮೊದಲೇ ತ್ಯಾಂಪಣ್ಣನವರು ಹೋಗಿಬಿಟ್ಟರು. ಬಂದರಿನಲ್ಲಿ ಮಂಜಿಗೆ ಹಂಚು ಏರಿಸುವುದನ್ನು ನೋಡುತ್ತ, ಒಡೆಯದ ಹಾಗೆ ಹಿಡಿಯಿರೋ ಎಂದು ಬೈಯುತ್ತ, ಹಂಚಿನ ರಾಶಿಯ ಮೇಲೆ ಕುಳಿತವರು ಏಳಲಿಲ್ಲ. ವಾಮಂಜೂರಿನಲ್ಲಿ ಉತ್ತರಕ್ರಿಯೆ ಆಯಿತು. ಕಾಂತಪ್ಪನೇ ಎಲ್ಲ ಮಾಡಿದ. ಸುಂದರಿಯಕ್ಕನನ್ನು, ಮಕ್ಕಳನ್ನು ಬಂಡಿಯಲ್ಲಿ ಕರೆಸಿಕೊಂಡು, ಮರಳಿ ಪೇಟೆಯ ಮನೆಗೆ ಬಿಟ್ಟು ಹೋದದ್ದೂ ಅವನೇ. ವಿಲ್ಲಿನ ಮಾತು ಅವನೂ ಎತ್ತಲಿಲ್ಲ, ಅವರೂ ಎತ್ತಲಿಲ್ಲ.

ಎತ್ತಿದವರು ಕುಟುಂಬದ ಹಿರಿಯರು. ಅವರಲ್ಲಿ ಇನ್ನೊಂದು ಕವಲಿನಿಂದ ಕಾಂತಪ್ಪನಿಗೆ ದೊಡ್ಡಮಾವನಾಗಬೇಕಾದವರು ಒಬ್ಬರು, ಬೆಳ್ಳಿ ಕಟ್ಟಿನ ಊರುಗೋಲಿನ ಮುದುಕರು, ಎಲ್ಲರಿಗಿಂತ ಮುಂದೆ. ಬೇರೆ ಬಾಗಿಲು ತೆರೆದರೆ ಮನೆ ತಮ್ಮದಲ್ಲ ಎಂದು ತಾವೇ ಒಪ್ಪಿದ ಹಾಗಾಗುತ್ತದೆ, ಅದು ಬೇಡ. ಬರುವ ಸಂಕ್ರಮಣಕ್ಕೆ ಎಲ್ಲರೂ ಒಟ್ಟಾಗಿ ಎದುರು ಬಾಗಿಲಿನಿಂದಲೇ ಒಳಗೆ ಹೋಗಿ ದೀಪ ಇಡುವುದು, ಕುಟುಂಬದ ಮನೆಗೆ ಕುಟುಂಬದವರು ಹೋದ ಹಾಗೆ. ಆಮೇಲೆ ಅವರು ಅಲ್ಲಿಂದ ಹೊರಡುವುದಿಲ್ಲ, ಹೊರಡಬೇಕಾದದ್ದು ಸುಂದರಿಯಕ್ಕ. ಹೀಗೆಂದು ಸುದ್ದಿ ಬಂತು. ಕಾಂತಪ್ಪ ಅದಕ್ಕೆ ಹೂಂ ಅಂದನೋ ಉಹೂಂ ಅಂದನೋ ಸುದ್ದಿ ತಂದವನಿಗೆ ಗೊತ್ತಿರಲಿಲ್ಲ.

ಸುಂದರಿಯಕ್ಕ ಆಫೀಸಿಗೆ ಬಂದರು. ಅವರು ಬಿಸಿಲಿನ ಮಾತು ಎತ್ತಲಿಲ್ಲ, ನೇರ ವಿಷಯಕ್ಕೆ ಬಂದರು. ರಾಯರು ಕೋರ್ಟಿನಿಂದ ತಡೆಯಾಜ್ಞೆ ತರೋಣ, ಅಮೀನನನ್ನು ಬಾಗಿಲಲ್ಲಿ ನಿಲ್ಲಿಸೋಣ ಎಂದರು. ವಿಲ್ಲು ಗಟ್ಟಿಯಾಗಿದೆ, ಕಾಂತಪ್ಪನ ರುಜುವೇ ಅದರಲ್ಲಿ ಇದೆ ಎಂದು ಧೈರ್ಯ ಹೇಳಿದರು.

"ದೈವಕ್ಕೆ ದೀಪ ಇಡ್ಲಿಕ್ಕೆ ಬಂದವರನ್ನು ಅಮೀನ ತಡೆದ್ರೆ, ಆ ಮನೆಯಲ್ಲಿ ಮಕ್ಕಳನ್ನು ಮಲಗಿಸಿ ನಾನು ಹೇಗೆ ನಿದ್ದೆ ಮಾಡ್ಲಿ?" ಎಂದರು ಸುಂದರಿಯಕ್ಕ.

ಹಾಗಾದರೆ ಮೇಸ್ತ್ರಿಯನ್ನು ಕರೆಸಿ ನಾಳೆಯೇ ಓಣಿಯ ಬಾಗಿಲು ತೆರೆಸೋಣ ಎಂದರು ರಾಯರು.

"ಬಾಗಿಲು ಬೇಡ. ಆ ಹುಡುಗನ ಮುಖ ಸಣ್ಣ ಆದದ್ದು ಅದೇ ಬಾಗಿಲಿಂದ. ಅವ ಚಿಕ್ಕಂದಿನಿಂದ ನನ್ನ ಚಾವಡಿಯಲ್ಲಿ ಆಡಿದವ, ಈಗ ಅವನಿಗೆ ಓಣಿ ತೋರಿಸಿದ್ರೆ ಆಗ್ತದಾ?"

ಮತ್ತೆ ಎಂತ ಮಾಡುವುದು ಎಂದು ರಾಯರು ಕೈಚೆಲ್ಲಿದರು. ಸುಂದರಿಯಕ್ಕ ಸೆರಗು ಸರಿಮಾಡಿಕೊಂಡು, ನಾನು ನೋಡ್ತೇನೆ ಎಂದು ಎದ್ದರು. ಸಂಕ್ರಮಣದ ಬೆಳಿಗ್ಗೆ ವಿಲ್ಲಿನ ನಕಲು ಹಿಡಿದುಕೊಂಡು ಅಲ್ಲಿ ಹೋಗಿ ಕೂತಿರು, ಅವರು ಹೊಸ್ತಿಲು ದಾಟಿದರೆ ಎದ್ದು ನಿಂತು ಗಟ್ಟಿಯಾಗಿ ಓದು, ನಾಲ್ಕು ಜನರ ಕಿವಿಗೆ ಬೀಳಲಿ ಎಂದು ರಾಯರು ನನಗೆ ಅಪ್ಪಣೆ ಕೊಡಿಸಿದರು. ನನ್ನ ದನಿಯೋ, ಮನೆಯಲ್ಲಿ ಸಾರಿಗೆ ಉಪ್ಪು ಕಡಿಮೆ ಎಂದರೂ ಅಡಿಗೆ ಮನೆಗೆ ಕೇಳದು.

ಸಂಕ್ರಮಣದ ದಿನ ಬೇಗ ಸ್ನಾನ ಮುಗಿಸಿ ಹೋದೆ. ಜಗಲಿಯ ಮೂಲೆಯಲ್ಲಿ ಚಾಪೆ ಹಾಸಿದ್ದರು, ಕೈಚೀಲ ಮಡಿಲಲ್ಲಿಟ್ಟು ಕುಳಿತೆ. ಅಂಗಳ ಸಾರಿಸಿ ಆಗಿತ್ತು. ಹೆಣ್ಣುಮಕ್ಕಳಿಬ್ಬರೂ ಜಡೆ ಹಾಕಿಕೊಂಡು ಕಿಟಕಿಯ ಹಿಂದೆ ನಿಂತಿದ್ದರು. ಬಿಸಿಲು ಏರಿದ ಮೇಲೆ ವಾಮಂಜೂರಿನವರು ಬಂದರು, ಎಲ್ಲರೂ ನಡೆದೇ ಬಂದವರು, ಬೆವರು ಒರೆಸಿಕೊಳ್ಳುತ್ತ. ಮುಂದೆ ಕಾಂತಪ್ಪ, ಕೈಯಲ್ಲಿ ಎಣ್ಣೆಯ ಗಿಂಡಿ, ಹೂವು, ಸೀಯಾಳ. ಅವನ ಬೆನ್ನಿಗೆ ಅಂಟಿಕೊಂಡ ಹಾಗೆ ಬೆಳ್ಳಿ ಊರುಗೋಲಿನ ದೊಡ್ಡಮಾವ. ಹಿಂದೆ ಇನ್ನೂ ನಾಲ್ಕಾರು ಗಂಡಸರು. ನಾನು ಚೀಲದೊಳಗೆ ಕೈ ಹಾಕಿ ಕಾಗದವನ್ನು ಹಿಡಿದುಕೊಂಡೆ.

ಅವರು ಅಂಗಳ ದಾಟಿ ಜಗಲಿಯ ಮೆಟ್ಟಿಲಿಗೆ ಬಂದರು. ಆಗ ಸುಂದರಿಯಕ್ಕ ಹೊರಗೆ ಬಂದರು. ಒಂದು ಕೈಯಲ್ಲಿ ಕಂಚಿನ ತಟ್ಟೆ, ಇನ್ನೊಂದರಲ್ಲಿ ಚೆಂಬು. ತಟ್ಟೆಯಲ್ಲಿ ಬೆಲ್ಲದ ತುಂಡುಗಳು, ಚೆಂಬಿನಲ್ಲಿ ನೀರು. ಎರಡನ್ನೂ ಬಾಗಿಲಿನ ಎದುರು, ಜಗಲಿಯ ಅಂಚಿನಲ್ಲಿ ಇಟ್ಟು ಬಾಗಿಲಿನ ಮರೆಗೆ ಹೋಗಿ ನಿಂತರು.

ನಮ್ಮ ಕಡೆಯ ಮನೆಗಳಲ್ಲಿ ಬಂದ ನೆಂಟರಿಗೆ ಮೊದಲು ಬೆಲ್ಲ ನೀರು. ಕುಡಿದು ಸುಧಾರಿಸಿಕೊಂಡ ಮೇಲೆ ಉಳಿದ ಮಾತು. ಬಂದವರು ಶತ್ರುವಾದರೂ ಕೊಡುತ್ತಾರೆ. ಆದರೆ ಮನೆಯವರಿಗೆ ಯಾರೂ ಬೆಲ್ಲ ಇಡುವುದಿಲ್ಲ. ಗದ್ದೆಯಿಂದ ಬಂದ ಯಜಮಾನ ಕಾಲು ತೊಳೆದು ಸೀದಾ ಒಳಗೆ ಹೋಗುತ್ತಾನೆ. ಹಿಂದಿನ ಸಂಕ್ರಮಣಗಳಲ್ಲಿ ತ್ಯಾಂಪಣ್ಣನವರು ಇದ್ದಾಗ ಇವರೆಲ್ಲ ಹಾಗೆಯೇ ಸೀದಾ ಒಳಗೆ ಹೋಗುತ್ತಿದ್ದವರು. ಇವತ್ತು ಅದೇ ಬಾಗಿಲಿನ ಎದುರು ಬೆಲ್ಲದ ತಟ್ಟೆ. ಬೆಲ್ಲ ಬಾಯಿಗೆ ಹಾಕಿಕೊಂಡವನು ನೆಂಟ, ತಟ್ಟೆ ದಾಟಿ ಒಳಗೆ ಹೋದವನು ಯಜಮಾನ. ಅಲ್ಲಿ ನಿಂತ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ.

ದೊಡ್ಡಮಾವ ಊರುಗೋಲಿನಿಂದ ಮೆಟ್ಟಿಲನ್ನು ಕುಟ್ಟಿದರು. "ದಾಟು ಕಾಂತಪ್ಪ. ನಿನ್ನ ಮನೆಯಲ್ಲಿ ನಿನಗೆ ಬೆಲ್ಲ ಕೊಡುವವರು ಯಾರು?"

ಕಾಂತಪ್ಪ ತಟ್ಟೆಯನ್ನು ನೋಡಿದ. ಕಿಟಕಿಯ ಹಿಂದೆ ಇದ್ದ ಹೆಣ್ಣುಮಕ್ಕಳನ್ನು ನೋಡಿದ. ಅವರಲ್ಲಿ ಚಿಕ್ಕವಳು ಅಭ್ಯಾಸದಂತೆ ಅವನಿಗೆ ನಗೆ ತೋರಿಸಿ, ದೊಡ್ಡವಳು 'ಸುಮ್ಮನಿರು' ಎಂದು ಚಿವುಟಿದ್ದು ನನಗೂ ಕಂಡಿತು. ಅವನು ಎಣ್ಣೆಯ ಗಿಂಡಿ, ಹೂವು, ಸೀಯಾಳ ಎಲ್ಲವನ್ನೂ ಜಗಲಿಯ ಮೇಲೆ ಇಟ್ಟ. ಆಮೇಲೆ ಹೆಗಲ ಬೈರಾಸಿನಿಂದ ಜಗಲಿಯ ಧೂಳು ಕೊಡವಿ, ತಟ್ಟೆಯ ಪಕ್ಕದಲ್ಲಿ ಕುಳಿತ. ಒಂದು ತುಂಡು ಬೆಲ್ಲ ಬಾಯಿಗೆ ಹಾಕಿಕೊಂಡ. ಚೆಂಬು ಎತ್ತಿ ಗಟಗಟ ಕುಡಿದ.

"ಎಂತ ಮಾಡಿದ್ದು ನೀನು?" ಎಂದರು ದೊಡ್ಡಮಾವ.

"ಬಾಯಾರಿಕೆ ಆಗ್ತಿತ್ತು ಮಾವ. ವಾಮಂಜೂರಿಂದ ನಡೆದದ್ದಲ್ವಾ? ನೀವೂ ಕುಡೀರಿ."

ದೊಡ್ಡಮಾವ ಕುಡಿಯಲಿಲ್ಲ. ಹಿಂದೆ ಇದ್ದವರಲ್ಲಿ ಒಬ್ಬ, ಅವನಿಗೆ ನಿಜವಾಗಿಯೇ ಬಾಯಾರಿಕೆ ಇರಬೇಕು, ಮೆಲ್ಲಗೆ ಮುಂದೆ ಬಂದು ಒಂದು ತುಂಡು ತೆಗೆದುಕೊಂಡ. ಅವನನ್ನು ನೋಡಿ ಇನ್ನೊಬ್ಬ. ಚೆಂಬು ಬರಿದಾಯಿತು. ಒಳಗಿನಿಂದ ಇನ್ನೊಂದು ಚೆಂಬು ಬಂತು, ತಂದವಳು ಚಿಕ್ಕ ಮಗಳು.

ಕಾಂತಪ್ಪ ತಟ್ಟೆಯನ್ನು ನನ್ನ ಕಡೆಗೆ ಸರಿಸಿದ. "ತಗೊಳ್ಳಿ ಗುಮಾಸ್ತ್ರೆ. ನಾವಿಬ್ರೂ ಹೊರಗಿಂದ ಬಂದವರೇ ಅಲ್ವಾ?"

ಅವನ ಮುಖದಲ್ಲಿ ನಗೆಯೂ ಇತ್ತು, ನೋವೂ ಇತ್ತು. ನಾನು ಚೀಲದಿಂದ ಕೈ ಹೊರಗೆ ತೆಗೆದು, ಬೆಲ್ಲದ ತುಂಡೊಂದನ್ನು ಬಾಯಿಗೆ ಹಾಕಿಕೊಂಡೆ.

ಅವನು ಎದ್ದು ಕಾಲು ತೊಳೆದುಕೊಂಡ, ಎಣ್ಣೆಯ ಗಿಂಡಿ ಎತ್ತಿಕೊಂಡ. ಹೊಸ್ತಿಲಿನ ಹತ್ತಿರ ಹೋಗಿ ಅಲ್ಲೇ ನಿಂತ. ಹುಟ್ಟಿದಂದಿನಿಂದ ಆ ಹೊಸ್ತಿಲಲ್ಲಿ ಅವನು ಹಾಗೆ ನಿಂತದ್ದು ಅದೇ ಮೊದಲು ಇರಬೇಕು.

"ಮಾಮೀ, ಒಳಗೆ ಬರ್ಬಹುದಾ?"

"ಬಾ ಮಗಾ," ಎಂದು ಬಾಗಿಲಿನ ಮರೆಯಿಂದ ಸುಂದರಿಯಕ್ಕನ ದನಿ ಬಂತು. "ದೀಪಕ್ಕೆ ಹೊತ್ತಾಯ್ತು."